ಪಿಕಪ್ ಗಾಡಿಯ ಬಾಗಿದ ಮೂಗು

ಸರಕನ್ನೆಲ್ಲ ಇಳಿಸಿ ರಸ್ತೆಯ ಬದಿಯಲ್ಲಿ ನಿಂತಿರುವ ಲಾರಿಯೊಂದನ್ನು ಪಕ್ಕದಿಂದ ನಿಟ್ಟಿಸಿ ನೋಡಿದವರಿಗೆ ಒಂದು ಸಂಗತಿ ಗೋಚರಿಸದೆ ಇರದು. ಅದರ ಹಿಂಭಾಗ ಮೇಲೆದ್ದು, ಮುಂಭಾಗ ತುಸು ತಗ್ಗಿ, ಇಡೀ ವಾಹನವು ಹುಲ್ಲು ಮೇಯಲು ತಲೆ ಬಾಗಿಸಿದ ಎತ್ತಿನಂತೆ ಕಾಣುತ್ತದೆ. ಅದೇ ಲಾರಿಯು ಮೂಟೆಗಳನ್ನು ಹೇರಿಕೊಂಡು ಹೊರಟಾಗ ಈ ಬಾಗು ಮಾಯವಾಗಿರುತ್ತದೆ. ಇದು ತಯಾರಿಕೆಯಲ್ಲಿ ಆದ ದೋಷವೇ? ಅಲ್ಲ. ಎಂಜಿನಿಯರನು ತಿಳಿದೂ ತಿಳಿದೂ ಇಟ್ಟ ಬಾಗು ಅದು.

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಪಿಕಪ್ ಎಂಬ ಗಾಡಿಗೆ ವಿಶೇಷ ಪ್ರಚಾರವಿದೆ. ಮುಂದೆ ಎಂಜಿನು, ನಡುವೆ ಜನ ಕುಳಿತುಕೊಳ್ಳುವ ಕೋಣೆ, ಹಿಂದೆ ತೆರೆದ ತೊಟ್ಟಿ. ಇಷ್ಟೇ ಅದರ ರೂಪ. ರೈತನಿಗೂ ಬಡಗಿಗೂ ಅದು ದುಡಿಯುವ ಗಾಡಿ. ಇನ್ನು ಅನೇಕರಿಗೆ ಮನೆಯ ಮೋಟಾರು. ಇಂಥವರ ತೊಟ್ಟಿ ವರ್ಷದ ಬಹುಭಾಗ ಬರಿದಾಗಿಯೇ ಇರುವುದರಿಂದ ಗಾಡಿಯ ಮೂಗು ಸದಾ ಬಾಗಿಯೇ ಇರುತ್ತದೆ. ಅದು ಅವರ ಕಣ್ಣಿಗೆ ಹಿತವೆನಿಸುವುದಿಲ್ಲ. ಮುಂದಿನ ಚಕ್ರಗಳಿಗೆ ತುಸು ದೊಡ್ಡ ಟೈರು ಹಾಕಬೇಕೆಂದರೂ ಜಾಗ ಸಾಲದು. ಆದುದರಿಂದ ಮುಂಭಾಗವನ್ನು ಮೇಲೆತ್ತಿ ಗಾಡಿಯನ್ನು ಸಮತಟ್ಟು ಮಾಡುವ ಪದ್ಧತಿ ಅಲ್ಲಿ ಬಹಳವಾಗಿ ಬೆಳೆದಿದೆ. ಅದಕ್ಕಾಗಿ ಅಂಗಡಿಗಳಲ್ಲಿ ಬಗೆಬಗೆಯ ಸಾಮಾನು ಸಿಗುತ್ತದೆಯಾದರೂ ಅನುಭವಿಗಳಾದ ಕೆಲವರು ಬೇರೊಂದು ದಾರಿ ಹಿಡಿಯುತ್ತಾರೆ: ಅದೇ ಕಾರ್ಖಾನೆಯು ಕೆಲವು ವರ್ಷಗಳ ಅನಂತರ ತಯಾರಿಸಿದ, ಹೆಚ್ಚು ಭಾರ ಹೊರುವ ಗಾಡಿಯ ಸ್ಪ್ರಿಂಗನ್ನು ತಂದು ಹಳೆಯ ಗಾಡಿಗೆ ಜೋಡಿಸುತ್ತಾರೆ. ರಂಧ್ರಗಳು ಸರಿಹೊಂದುತ್ತವೆ, ಬೋಲ್ಟುಗಳು ಕೂರುತ್ತವೆ, ಮೂಗು ಮೇಲೇಳುತ್ತದೆ.

ಬೋಲ್ಟು ಕೂತ ಮಾತ್ರಕ್ಕೆ ಕೆಲಸ ಸರಿಯಾಯಿತೆಂದು ಹೇಳಬಹುದೇ? ಮೂಗು ಎಷ್ಟು ಮೇಲೆದ್ದಿತೆಂಬುದರ ಜೊತೆಗೆ, ಯಾವ ಕಾರಣದಿಂದ ಮೇಲೆದ್ದಿತೆಂಬುದನ್ನೂ ನೋಡಬೇಕು. ಪ್ರೌಢಶಾಲೆಯ ಭೌತಶಾಸ್ತ್ರವನ್ನು ಬಲ್ಲ ಯಾರಾದರೂ ಕಾಗದ ಪೆನ್ಸಿಲುಗಳಿಂದಲೇ ಇದನ್ನು ಪರೀಕ್ಷಿಸಬಹುದು. ಬನ್ನಿ, ಪರೀಕ್ಷಿಸೋಣ.

ಸ್ಪ್ರಿಂಗಿನ ಲೆಕ್ಕ

ಇಂಗ್ಲೆಂಡಿನ ರಾಬರ್ಟ್ ಹುಕ್ ಎಂಬ ವಿಜ್ಞಾನಿಯು ತಾನು ಕಂಡುಹಿಡಿದ ನಿಯಮವನ್ನು 1676ರಲ್ಲಿ ಅಕ್ಷರಗಳನ್ನು ಕಲಸಿ ಒಗಟಿನಂತೆ ಪ್ರಕಟಿಸಿ, 1678ರಲ್ಲಿ ಆ ಒಗಟನ್ನು ಬಿಡಿಸಿದನು. ಬೇರೆಯವರು ಕದ್ದಾರೆಂಬ ಭಯ; ಆ ಕಾಲದ ವಿದ್ವಾಂಸರಲ್ಲಿ ಇದು ಅಪರೂಪದ ರೂಢಿಯೇನಲ್ಲ. ಸ್ಪ್ರಿಂಗನ್ನು ಎಷ್ಟು ಬಲದಿಂದ ಒತ್ತುತ್ತೇವೆಯೋ ಅಥವಾ ಎಳೆಯುತ್ತೇವೆಯೋ ಅದಕ್ಕೆ ಅನುಪಾತವಾಗಿ ಅದು ಕುಗ್ಗುತ್ತದೆ ಅಥವಾ ಹಿಗ್ಗುತ್ತದೆ ಎಂಬುದೇ ಆ ನಿಯಮ. ಒಂದು ಸೆಂಟಿಮೀಟರು ಕುಗ್ಗಿಸಲು ಬೇಕಾಗುವ ಭಾರವನ್ನು ಆ ಸ್ಪ್ರಿಂಗಿನ ಬಿರುಸು ಎಂದು ಕರೆಯೋಣ. ಗಾಡಿಯ ಭಾರವು ಮೇಲೆ ಕೂತಾಗ ಸ್ಪ್ರಿಂಗು ಎಷ್ಟು ಕುಗ್ಗುವುದೋ ಅದಕ್ಕೆ ಇಳಿತವೆಂದು ಹೆಸರಿಡೋಣ. ಭಾರವನ್ನು ಬಿರುಸಿನಿಂದ ಭಾಗಿಸಿದರೆ ಇಳಿತ ದೊರೆಯುತ್ತದೆ.

ಲೆಕ್ಕಕ್ಕೆ ಅನುಕೂಲವಾಗುವಂತೆ ನಾವು ಕೆಲವು ಅಂಕಿಗಳನ್ನು ಗೊತ್ತುಮಾಡಿಕೊಳ್ಳುತ್ತೇವೆ. ದೊಡ್ಡ ಪಿಕಪ್ಪೊಂದರ ಮುಂದಿನ ಒಂದೊಂದು ಸ್ಪ್ರಿಂಗಿನ ಮೇಲೂ 720 ಕಿಲೋಗ್ರಾಂ ಭಾರ ಬಿದ್ದಿರಲಿ. ಸ್ಪ್ರಿಂಗಿನ ಬಿರುಸು ಸೆಂಟಿಮೀಟರಿಗೆ 60 ಕಿಲೋಗ್ರಾಂ ಇರಲಿ. ಆಗ ಇಳಿತ 12 ಸೆಂಟಿಮೀಟರು. ಹಿಂದೆ, ತೊಟ್ಟಿ ಬರಿದಾಗಿರುವಾಗ, ಒಂದೊಂದು ಸ್ಪ್ರಿಂಗಿನ ಮೇಲೆ 450 ಕಿಲೋಗ್ರಾಂ ಮಾತ್ರವಿದ್ದು, ಅದರ ಬಿರುಸು 90 ಇರಲಿ; ಇಳಿತ 5 ಸೆಂಟಿಮೀಟರು. (ಮೆಕ್ಯಾನಿಕರ ರೂಢಿಯಂತೆ ಕಿಲೋಗ್ರಾಮನ್ನೇ ಭಾರದ ಅಳತೆಯಾಗಿ ಹಿಡಿದಿದ್ದೇವೆ. ನ್ಯೂಟನ್ನುಗಳೇ ಆಗಬೇಕೆನ್ನುವವರು 9.8ರಿಂದ ಗುಣಿಸಿಕೊಳ್ಳಬಹುದು.)

ಈಗ ತೊಟ್ಟಿಯಲ್ಲಿ 900 ಕಿಲೋಗ್ರಾಂ ಸರಕು ಹೇರಿದೆವೆನ್ನಿ. ತೊಟ್ಟಿಯು ಹಿಂದಿನ ಅಚ್ಚಿನ ಮೇಲೆಯೇ ಇರುವುದರಿಂದ ಹೆಚ್ಚುಕಡಮೆ ಎಲ್ಲ ಭಾರವೂ ಹಿಂದಿನ ಸ್ಪ್ರಿಂಗುಗಳಿಗೇ ಬೀಳುತ್ತದೆ. ಒಂದೊಂದಕ್ಕೂ 450 ಕಿಲೋಗ್ರಾಂ ಹೆಚ್ಚಾಗಿ ಗಾಡಿಯ ಹಿಂಭಾಗ ಇನ್ನೂ 5 ಸೆಂಟಿಮೀಟರು ಇಳಿಯುತ್ತದೆ. ಮುಂಭಾಗ ಇದ್ದಲ್ಲಿಯೇ ಇರುತ್ತದೆ. ಬರಿದಾಗಿರುವಾಗಲೇ ಗಾಡಿ ಸಮತಟ್ಟಾಗಿದ್ದರೆ ಸರಕು ಹೇರಿದಾಗ ಬಾಲ ಕುಸಿದು, ಮೂಗು ಆಕಾಶ ನೋಡುತ್ತಿತ್ತು. ಅದಕ್ಕಾಗಿಯೇ ಎಂಜಿನಿಯರನು ಹಿಂಭಾಗವನ್ನು ಮೊದಲೇ 6 ಸೆಂಟಿಮೀಟರು ಎತ್ತಿಟ್ಟಿರುತ್ತಾನೆ. ಸರಕು ಬಿದ್ದಾಗ ಅದರಲ್ಲಿ 5 ಕಳೆದು 1 ಸೆಂಟಿಮೀಟರು ಉಳಿಯುತ್ತದೆ. ಇದೇ ಬಾಗಿದ ಮೂಗಿನ ಗುಟ್ಟು.

ಇಳಿತವು ಎತ್ತರವನ್ನಷ್ಟೇ ನಿರ್ಣಯಿಸುವುದಿಲ್ಲ. ಗಾಡಿಯು ಗುಂಡಿಯನ್ನು ದಾಟಿದ ಮೇಲೆ ಎಷ್ಟು ಬೇಗಬೇಗ ಕುಪ್ಪಳಿಸುತ್ತದೆಂಬುದನ್ನೂ ಅದೇ ನಿರ್ಣಯಿಸುತ್ತದೆ. ಸ್ಪ್ರಿಂಗಿನ ಮೇಲೆ ಕೂತ ವಸ್ತುವಿನ ಆಂದೋಲನದ ಸೂತ್ರವನ್ನು ಕಾಲೇಜಿನ ಪುಸ್ತಕದಲ್ಲಿ ನೋಡಿದರೆ ಅಲ್ಲಿ ಬಿರುಸನ್ನು ದ್ರವ್ಯರಾಶಿಯಿಂದ ಭಾಗಿಸಿ ವರ್ಗಮೂಲ ತೆಗೆದಿರುತ್ತಾರೆ. ಇಳಿತವೆಂದರೂ ಭಾರವನ್ನು ಬಿರುಸಿನಿಂದ ಭಾಗಿಸಿದ್ದೇ ಅಲ್ಲವೇ? ಎರಡನ್ನೂ ಕೂಡಿಸಿದರೆ ದ್ರವ್ಯರಾಶಿಯೂ ಬಿರುಸೂ ಎರಡೂ ಬಿಟ್ಟುಹೋಗಿ ಗುರುತ್ವ ವೇಗೋತ್ಕರ್ಷ ಮತ್ತು ಇಳಿತ ಮಾತ್ರ ಉಳಿಯುತ್ತವೆ. ಗುರುತ್ವ ವೇಗೋತ್ಕರ್ಷಕ್ಕೆ 981 ಎಂದು ಬರೆದು ಬಿಡಿಸಿದರೆ ಸೊಗಸಾದ ಫಲ ಬರುತ್ತದೆ:

ನಿಮಿಷಕ್ಕೆ ಆಂದೋಲನಗಳು = 300 ÷ √ಇಳಿತ (ಇಳಿತ ಸೆಂಟಿಮೀಟರುಗಳಲ್ಲಿ)

ನಿಖರವಾದ ಸಂಖ್ಯೆ 299ಕ್ಕೆ ಸಮೀಪ. 300 ಎಂದು ಹಿಡಿದರೆ ನೆನಪಿನಲ್ಲಿ ಉಳಿಯುತ್ತದೆ. ಇದನ್ನು ನಂಬಬೇಕಾಗಿಲ್ಲ; ಮಾಡಿ ನೋಡಬಹುದು. ಮೆತ್ತನೆಯ ಸುರುಳಿ ಸ್ಪ್ರಿಂಗೊಂದನ್ನು ಮೊಳೆಗೆ ತೂಗುಹಾಕಿ, 9 ಸೆಂಟಿಮೀಟರು ಹಿಗ್ಗುವಷ್ಟು ತೂಕ ಕಟ್ಟಿ, ಮೆಲ್ಲನೆ ಎಳೆದು ಬಿಡಿ. ನಿಮಿಷಕ್ಕೆ 100 ಸಲ ಅದು ಮೇಲೆ ಕೆಳಗೆ ಆಡಬೇಕು. ಸ್ಪ್ರಿಂಗಿಗೇ ಸ್ವಲ್ಪ ತೂಕವಿರುವುದರಿಂದ ಒಂದೆರಡು ಕಡಮೆಯಾದೀತು.

ನಮ್ಮ ಗಾಡಿಯ ಮುಂಭಾಗಕ್ಕೆ ಈ ಸೂತ್ರವನ್ನು ಹಚ್ಚಿದರೆ ನಿಮಿಷಕ್ಕೆ ಸುಮಾರು 87 ಆಂದೋಲನಗಳು. ನಿಧಾನವಾಗಿ ನಡೆಯುವ ಮನುಷ್ಯನ ಹೆಜ್ಜೆಯ ಲಯಕ್ಕೆ ಇದು ದೂರವಲ್ಲವಾದುದರಿಂದ ದೇಹಕ್ಕೆ ಹಿತವಾಗಿರುತ್ತದೆ. ಹಿಂಭಾಗ ಬರಿದಾಗಿರುವಾಗ ಇಳಿತ 5, ಆಂದೋಲನ 134. ಖಾಲಿ ಗಾಡಿಯ ತೊಟ್ಟಿಯಲ್ಲಿ ನಿಂತು ಪ್ರಯಾಣ ಮಾಡಿದವರ ಹಲ್ಲು ಕಟಕಟಿಸುವುದೇಕೆಂದು ಈಗ ತಿಳಿಯಿತಷ್ಟೆ. ಸರಕು ಹೇರಿದಾಗ ಹಿಂಭಾಗದ ಇಳಿತ 10 ಆಗಿ ಆಂದೋಲನ 95ಕ್ಕೆ ಇಳಿಯುತ್ತದೆ.

ಹಳೆಯ ಸ್ಪ್ರಿಂಗಿಗೆ ಆದದ್ದೇನು?

ನಾವು ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುವುದು ಫೋರ್ಡ್ ಕಂಪನಿಯ ಎಫ್-250 ಮತ್ತು ಎಫ್-350 ಸೂಪರ್ ಡ್ಯೂಟಿ ಗಾಡಿಗಳನ್ನು. 1999ರಿಂದ 2004ರವರೆಗಿನ ಮಾದರಿಗಳಲ್ಲಿ, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹರಿಯುವ ಗಾಡಿಗಳ ಮುಂದಿನ ಅಚ್ಚು ಒಂದೇ ಗಟ್ಟಿ ತೊಲೆಯಂತಿದ್ದು, ಪಟ್ಟಿ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಪಟ್ಟಿ ಸ್ಪ್ರಿಂಗೆಂದರೆ ನಮ್ಮ ಗ್ಯಾರೇಜುಗಳಲ್ಲಿ ಕಮಾನು ಎನ್ನುವುದೇ: ಬಿಲ್ಲಿನಂತೆ ಬಾಗಿಸಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ, ನಡುವೆ ಬೋಲ್ಟು ಹಾಕಿ ಬಿಗಿದ ಕಟ್ಟು. ಯಾವುದೇ ಲಾರಿಯ ಕೆಳಗೆ ಬಗ್ಗಿ ನೋಡಿದರೂ ಕಾಣಸಿಗುತ್ತದೆ.

ಹಳೆಯದಾದಂತೆ ಕಮಾನು ಮೆತ್ತಗಾಗುತ್ತದೆಂದು ಜನ ಹೇಳುವುದುಂಟು. ಇದು ತಪ್ಪು ಕಲ್ಪನೆ. ಕಮಾನಿನ ಬಿರುಸು ಪಟ್ಟಿಯ ಉದ್ದ, ಅಗಲ, ದಪ್ಪ, ಎಣಿಕೆ, ಹಾಗೂ ಉಕ್ಕಿನ ಯಂಗ್ ಗುಣಾಂಕ, ಇವುಗಳಿಂದ ನಿರ್ಣಯವಾಗುತ್ತದೆ. ಯಂಗ್ ಗುಣಾಂಕವು ಉಕ್ಕಿಗೆ ಹುಟ್ಟಿನೊಂದಿಗೆ ಬಂದದ್ದು. ಇಪ್ಪತ್ತು ವರ್ಷ ದುಡಿದರೂ ಅದು ಕುಗ್ಗುವುದಿಲ್ಲ. ತುಕ್ಕು ತಿಂದು ಪಟ್ಟಿ ತೆಳುವಾಗಿದ್ದರೆ ಮಾತು ಬೇರೆ. ನಿಜವಾಗಿ ನಷ್ಟವಾಗುವುದು ಬಿಲ್ಲಿನ ಬಾಗು. ಎಷ್ಟೋ ಸಲ ಮಿತಿಮೀರಿ ಬಗ್ಗಿದ ಉಕ್ಕು ಪ್ರತಿ ಸಲವೂ ಕೂದಲೆಳೆಯಷ್ಟು ಶಾಶ್ವತವಾಗಿ ಸೋಲುತ್ತದೆ. ಆ ಸೋಲುಗಳೆಲ್ಲ ಕೂಡಿ ಕಮಾನು ಚಪ್ಪಟೆಯಾಗುತ್ತದೆ. ಬಿರುಸು ಮೊದಲಿನಷ್ಟೇ, ಎತ್ತರ ಮಾತ್ರ ಕಡಮೆ.

ಆದುದರಿಂದ ಹಳೆಯ ಗಾಡಿಯ ಮೂಗು ಎರಡು ಕಾರಣಗಳಿಂದ ಬಾಗಿರುತ್ತದೆ. ಒಂದು, ಎಂಜಿನಿಯರನು ಬೇಕೆಂದೇ ಇಟ್ಟದ್ದು. ಇನ್ನೊಂದು, ಕಾಲವು ಕಸಿದುಕೊಂಡದ್ದು. ಎರಡನೆಯದನ್ನು ಸರಿಪಡಿಸಲು ಅದೇ ಜಾತಿಯ ಹೊಸ ಕಮಾನು ಸಾಕು. ಎಷ್ಟೋ ಜನ ಇದನ್ನು ಯೋಚಿಸದೆ ನೇರವಾಗಿ ಭಾರೀ ಕಮಾನಿನ ಬೇಟೆಗೆ ಹೊರಡುತ್ತಾರೆ. ಮೊದಲು ಅಳತೆ ಹಿಡಿದು ನೋಡುವುದು ಲೇಸು.

ಅಳತೆಯನ್ನು ನೆಲದಿಂದ ಹಿಡಿಯಬಾರದು. ಟೈರಿನ ಗಾಳಿ ಹೆಚ್ಚು ಕಡಮೆಯಾದರೂ ಅದು ಬದಲಾಗುತ್ತದೆ. ಚಕ್ರದ ನಟ್ಟನಡುವಿನಿಂದ ನೆಟ್ಟಗೆ ಮೇಲಕ್ಕೆ, ಮಡ್ಗಾರ್ಡಿನ ಅಂಚಿನವರೆಗೆ ಅಳೆಯಬೇಕು. ನೆಲ ಸಮವಾಗಿರಬೇಕು. ಬಿರುಸನ್ನೂ ಹೀಗೆಯೇ ತಿಳಿಯಬಹುದು. 60 ಕಿಲೋಗ್ರಾಂ ತೂಗುವ ನಾಲ್ವರು ಗೆಳೆಯರನ್ನು ಮುಂದಿನ ಅಚ್ಚಿನ ನೇರಕ್ಕೆ, ಇಬ್ಬದಿಗೂ ಸಮನಾಗಿ ಹತ್ತಿಸಿ. ಎರಡು ಕಮಾನುಗಳೂ ಸೇರಿ ಸೆಂಟಿಮೀಟರಿಗೆ 120 ಕಿಲೋಗ್ರಾಂ ಬಿರುಸಿದ್ದರೆ ಗಾಡಿ 2 ಸೆಂಟಿಮೀಟರು ಇಳಿಯಬೇಕು. ಪಟ್ಟಿಗಳು ಒಂದಕ್ಕೊಂದು ತಿಕ್ಕುವುದರಿಂದ ಹತ್ತುವಾಗ ಒಂದು ಅಳತೆ, ಇಳಿಯುವಾಗ ಇನ್ನೊಂದು ಅಳತೆ ಬರುವುದು ಸಹಜ. ಎರಡರ ಸರಾಸರಿ ತೆಗೆದುಕೊಳ್ಳಬೇಕು.

ಎತ್ತರ ಎಲ್ಲಿಂದ ಬಂತು?

ಈ ಗಾಡಿಗಳಲ್ಲಿ ಕಾರ್ಖಾನೆಯೇ ಹಲವು ಬಗೆಯ ಮುಂದಿನ ಕಮಾನುಗಳನ್ನು ಹಾಕುತ್ತಿತ್ತು. ಭಾರವಾದ ಡೀಸೆಲ್ ಎಂಜಿನಿನ ಗಾಡಿಗೆ ಒಂದು, ಪೆಟ್ರೋಲ್ ಎಂಜಿನಿನದಕ್ಕೆ ಇನ್ನೊಂದು, ಹಿಮ ತಳ್ಳುವ ಹಲಗೆ ಕಟ್ಟುವ ಗಾಡಿಗೆ ಮತ್ತೊಂದು. ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಸ್ಪ್ರಿಂಗಿನ ಸಂಕೇತಾಕ್ಷರವು ಮುದ್ರಿತವಾಗಿರುತ್ತದೆ. ಎಕ್ಸ್ ಎಂಬ ಸಂಕೇತದ್ದು ಹೆಚ್ಚು ಭಾರಕ್ಕೆ ತಯಾರಾದದ್ದು. ಹಳೆಯ ಗಾಡಿಯ ಮೂಗೆತ್ತಲು ಬಯಸುವವರು ಹುಡುಕುವುದು ಇದನ್ನೇ. 2005ರಿಂದ ಕಂಪನಿಯು ಮುಂದಿನ ಕಮಾನನ್ನು ಬಿಟ್ಟು ಸುರುಳಿ ಸ್ಪ್ರಿಂಗಿಗೆ ತಿರುಗಿತು. ಆದಕಾರಣ 2003 ಅಥವಾ 2004ರ ಕಮಾನು 1999ರ ಗಾಡಿಗೆ ಕೂರುತ್ತದೆ. 2005ರ ಸುರುಳಿ ಕೂರುವುದಿಲ್ಲ. ಅದನ್ನು ಹಾಕಬೇಕೆಂದರೆ ಅಚ್ಚು, ತೋಳುಗಳು, ಚಾಸಿಯ ಹಿಡಿಕೆಗಳು ಎಲ್ಲವನ್ನೂ ಬದಲಿಸಬೇಕು. ಒಂದೇ ಹೆಸರಿನ ಗಾಡಿಯೆಂದು ಮೋಸ ಹೋಗಬಾರದು.

ಹಿಮ ತಳ್ಳುವ ಹಲಗೆಗೆ ಅಷ್ಟು ಬಿರುಸಾದ ಕಮಾನು ಏಕೆ ಬೇಕು? ಸನ್ನೆಗೋಲಿನ ನಿಯಮವನ್ನು ನೆನೆಯಿರಿ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ 4 ಮೀಟರು ಅಂತರವಿದ್ದು, 320 ಕಿಲೋಗ್ರಾಂ ಹಲಗೆಯು ಮುಂದಿನ ಅಚ್ಚಿಗಿಂತ 1 ಮೀಟರು ಮುಂದೆ ತೂಗುತ್ತಿದ್ದರೆ ಮುಂದಿನ ಅಚ್ಚಿಗೆ ಬೀಳುವ ಹೆಚ್ಚಿನ ಭಾರ 320 ಅಲ್ಲ, 400. ಹಿಂದಿನ ಅಚ್ಚಿನಿಂದ 80 ಕಿಲೋಗ್ರಾಂ ಭಾರವನ್ನು ಅದು ಎತ್ತಿಬಿಡುತ್ತದೆ. ಅದನ್ನು ತಡೆಯಲು ಮಾಡಿದ ಕಮಾನನ್ನು ಹಲಗೆಯೇ ಇಲ್ಲದ ಗಾಡಿಗೆ ಹಾಕಿದರೆ ಮೂಗು ಏಳದೆ ಏನು ಮಾಡೀತು!

ಈಗ ಮುಖ್ಯವಾದ ವಿಷಯಕ್ಕೆ ಬಂದೆವು. ಹಳೆಯ ಕಮಾನಿನ ಬಿರುಸು 60, ಇಳಿತ 12. ಮೂಗನ್ನು 4 ಸೆಂಟಿಮೀಟರು ಎತ್ತಬೇಕಾಗಿದೆ. ಹೊಸ ಕಮಾನು ಹೊರೆಯಿಲ್ಲದಾಗ ಹಳೆಯದರಷ್ಟೇ ಬಾಗಿದ್ದು, ಬಿರುಸು ಮಾತ್ರ 90 ಇದ್ದರೆ ಇಳಿತ 8. ಮೂಗು 4 ಸೆಂಟಿಮೀಟರು ಎದ್ದಿತು. ಬೇರೊಂದು ಕಮಾನು, ಬಿರುಸು 60 ಇದ್ದು, ಬಿಲ್ಲಿನ ಬಾಗು 4 ಸೆಂಟಿಮೀಟರು ಹೆಚ್ಚಿದ್ದರೆ ಇಳಿತ 12 ಆಗಿಯೇ ಉಳಿದು ಮೂಗು ಅಷ್ಟೇ ಏಳುತ್ತದೆ. ಪಕ್ಕದಲ್ಲಿ ನಿಂತು ನೋಡುವವನಿಗೆ ಎರಡು ಗಾಡಿಗಳಿಗೂ ಯಾವ ವ್ಯತ್ಯಾಸವೂ ಕಾಣದು. ಒಳಗೆ ಕೂತವನಿಗೆ ಕಾಣುತ್ತದೆ. ಎರಡನೆಯದು ಹಿಂದಿನಂತೆಯೇ ನಿಮಿಷಕ್ಕೆ 87 ಸಲ ತೂಗುತ್ತದೆ. ಮೊದಲನೆಯದು 106 ಸಲ.

ಬಿರುಸು ಬಹು ಬೇಗ ಏರುವ ವಸ್ತುವೆಂಬುದನ್ನೂ ಗಮನಿಸಬೇಕು. ಅದು ಪಟ್ಟಿಯ ದಪ್ಪದ ಘನಕ್ಕೆ ಅನುಪಾತವಾಗಿರುತ್ತದೆ. ಪಟ್ಟಿಯ ದಪ್ಪವನ್ನು ನೂರಕ್ಕೆ ಹತ್ತರಷ್ಟು ಹೆಚ್ಚಿಸಿದರೆ ಬಿರುಸು ನೂರಕ್ಕೆ ಮೂವತ್ತಮೂರರಷ್ಟು ಏರುತ್ತದೆ. ಮೂರು ಪಟ್ಟಿಗಳ ಕಮಾನಿಗೆ ಅದೇ ಅಳತೆಯ ಇನ್ನೊಂದು ಪಟ್ಟಿಯನ್ನು ಸೇರಿಸಿದರೂ ಹೆಚ್ಚುಕಡಮೆ ಅಷ್ಟೇ: 60 ಇದ್ದದ್ದು 80, ಇಳಿತ 9, ನಿಮಿಷಕ್ಕೆ 100 ಆಂದೋಲನ.

ಸ್ವಲ್ಪ ಗಡುಸಾದರೆ ಆಗುವ ಹಾನಿಯೇನು, ಸಹಿಸಿಕೊಂಡರಾಯಿತು ಎಂದು ಯಾರಾದರೂ ಹೇಳಬಹುದು. ಅವರಿಗೆ ಮಾರಿಸ್ ಆಲಿ ಎಂಬ ಬ್ರಿಟಿಷ್ ಎಂಜಿನಿಯರನ ಪ್ರಯೋಗವನ್ನು ನೆನಪಿಸಬೇಕು. ರೋಲ್ಸ್ ರಾಯ್ಸ್ ಕಂಪನಿಯಲ್ಲಿದ್ದ ಈತನು 1930ರಲ್ಲಿ ಅಮೆರಿಕದ ಕ್ಯಾಡಿಲ್ಯಾಕ್ ಕಂಪನಿಯನ್ನು ಸೇರಿ, ಭಾರದ ಗುಂಡುಗಳನ್ನು ಹಿಂದೆ ಮುಂದೆ ಸರಿಸಬಹುದಾದ ಒಂದು ಪರೀಕ್ಷಾ ಮೋಟಾರನ್ನು ಕಟ್ಟಿಸಿ, ಸ್ಪ್ರಿಂಗುಗಳನ್ನು ಬದಲಿಸುತ್ತ ಬದಲಿಸುತ್ತ ಯಾವುದು ಮೈಗೆ ಹಿತವೆಂದು ಪರೀಕ್ಷಿಸಿದನು. ಮುಂದಿನ ಸ್ಪ್ರಿಂಗುಗಳು ಹಿಂದಿನವಕ್ಕಿಂತ ನಿಧಾನವಾಗಿ ತೂಗುವಂತಿರಬೇಕು ಎಂಬುದು ಆತ ಕಂಡುಕೊಂಡ ಫಲ. ಅದಕ್ಕೆ ಕಾರಣ ಸುಲಭ. ಉಬ್ಬನ್ನು ಮೊದಲು ಹತ್ತುವುದು ಮುಂದಿನ ಚಕ್ರ; ಗಂಟೆಗೆ 72 ಕಿಲೋಮೀಟರು ವೇಗದಲ್ಲಿ, 4 ಮೀಟರು ಅಂತರವಿರುವ ಗಾಡಿಯ ಹಿಂದಿನ ಚಕ್ರ ಅದನ್ನು ಹತ್ತುವುದು ಸೆಕೆಂಡಿನ ಐದರಲ್ಲೊಂದು ಭಾಗ ತಡವಾಗಿ. ತಡವಾಗಿ ಹೊರಟ ಹಿಂಭಾಗ ತುಸು ವೇಗವಾಗಿ ತೂಗಿದರೆ ಬೇಗನೆ ಮುಂಭಾಗವನ್ನು ಹಿಡಿದುಕೊಂಡು, ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತವೆ. ಹಿಂಭಾಗವೇ ನಿಧಾನವಾದರೆ ಅಂತರ ಬೆಳೆಯುತ್ತ ಹೋಗಿ, ಒಂದು ತುದಿ ಏಳುವಾಗ ಇನ್ನೊಂದು ಬೀಳುತ್ತದೆ. ಗಾಡಿ ಅಲೆಗೆ ಸಿಕ್ಕ ದೋಣಿಯಾಗುತ್ತದೆ.

ನಮ್ಮ ಅಂಕಿಗಳನ್ನು ಈ ತಕ್ಕಡಿಯಲ್ಲಿಟ್ಟು ನೋಡಿ. ಕಾರ್ಖಾನೆಯಿಂದ ಬಂದಂತೆ ಮುಂದೆ 87; ಹಿಂದೆ ಬರಿದಾದಾಗ 134, ಸರಕು ಹೇರಿದಾಗ 95. ಎರಡು ಸ್ಥಿತಿಯಲ್ಲೂ ಆಲಿಯ ಷರತ್ತು ನೆರವೇರಿದೆ. ಬಿರುಸಿನಿಂದಲೇ ಮೂಗೆತ್ತಿದ ಗಾಡಿಯಲ್ಲಿ ಮುಂದೆ 106. ಬರಿದಾಗಿರುವಾಗ ಚಿಂತೆಯಿಲ್ಲ, ಮನೆಯ ಸುತ್ತ ಓಡಿಸಿ ನೋಡಿದ ಒಡೆಯನು ತೃಪ್ತನಾಗುತ್ತಾನೆ. ಸರಕು ಹೇರಿ ಹೆದ್ದಾರಿ ಹತ್ತಿದ ದಿನ ಹಿಂದೆ 95, ಮುಂದೆ 106! ಷರತ್ತು ತಲೆಕೆಳಗಾಗಿದೆ. ಗಾಡಿಯು ದುಡಿಯಬೇಕಾದ ಹೊತ್ತಿಗೇ ಕೈಕೊಡುವ ಈ ಬದಲಾವಣೆಯನ್ನು ಬರಿದಾದ ತೊಟ್ಟಿಯಲ್ಲಿ ಪರೀಕ್ಷಿಸಿದರೆ ಎಂದಿಗೂ ತಿಳಿಯದು. ಬಿರುಸು 72, ಹೆಚ್ಚಿನ ಬಾಗು 2 ಸೆಂಟಿಮೀಟರು ಇರುವ ನಡುವಣ ಕಮಾನಾದರೆ ಮುಂದೆ 95 ಬಂದು ತಕ್ಕಡಿ ಸರಿಸಮವಾಗಿ ನಿಲ್ಲುತ್ತದೆ. ಅದಕ್ಕಿಂತ ಮುಂದೆ ಹೋಗಬಾರದೆಂಬುದು ನಮ್ಮ ಅಭಿಪ್ರಾಯ. ಗುಜರಿಯಲ್ಲಿ ಸಿಕ್ಕ ಕಮಾನುಗಳೆರಡರಲ್ಲಿ ಒಂದನ್ನು ಆರಿಸಬೇಕಾದಾಗ ಹೆಚ್ಚು ಬಾಗಿದ, ತೆಳುಪಟ್ಟಿಯದನ್ನು ಆರಿಸುವುದು ಜಾಣತನ. ದಪ್ಪವಾದದ್ದು ಗಟ್ಟಿಮುಟ್ಟಾಗಿ ಕಂಡರೂ ಸರಿಯೆ.

ಹೆಚ್ಚು ಬಾಗಿನ ಕಮಾನಿಗೂ ಒಂದು ತೊಡಕಿದೆ. ಚಕ್ರವು ಗುಂಡಿಗೆ ಇಳಿಯುವಾಗ ಅದನ್ನು ಕೊನೆಗೆ ಹಿಡಿದು ನಿಲ್ಲಿಸುವುದು ಸಾಮಾನ್ಯವಾಗಿ ಶಾಕ್ ಅಬ್ಸಾರ್ಬರು. ಮೊದಲು ಅದಕ್ಕೆ 10 ಸೆಂಟಿಮೀಟರು ಚಾಚಿಕೊಳ್ಳುವ ಅವಕಾಶವಿದ್ದರೆ, ಗಾಡಿ 4 ಸೆಂಟಿಮೀಟರು ಎದ್ದ ಮೇಲೆ ಉಳಿಯುವುದು 6. ಗುಂಡಿ ಸ್ವಲ್ಪ ಆಳವಾದರೆ ಅದು ಪೂರ್ತಿ ಚಾಚಿ ತಟ್ಟನೆ ನಿಲ್ಲುತ್ತದೆ. ಆದುದರಿಂದ ಆ ಗಾಡಿಗೆ ಉದ್ದನೆಯ ಶಾಕ್ ಅಬ್ಸಾರ್ಬರನ್ನೂ ಹಾಕಬೇಕು.

ಮೂಗನ್ನು ಎತ್ತದೆ ಬಾಲವನ್ನೇ ಇಳಿಸಬಾರದೇಕೆ ಎಂದು ಕೇಳುವವರಿದ್ದಾರೆ. ಎಫ್-350 ಗಾಡಿಯಲ್ಲಿ ಹಿಂದಿನ ಕಮಾನಿಗೂ ಅಚ್ಚಿಗೂ ನಡುವೆ ಸುಮಾರು 4 ಅಂಗುಲದ ದಿಮ್ಮಿಯಿದ್ದರೆ ಎಫ್-250ರಲ್ಲಿ ಸುಮಾರು 2 ಅಂಗುಲದ್ದು. ಒಂದನ್ನು ತೆಗೆದು ಇನ್ನೊಂದನ್ನು ಇಟ್ಟರೆ ಬಾಲ 5 ಸೆಂಟಿಮೀಟರು ಇಳಿಯುತ್ತದೆ. ಯಾವ ಬಿರುಸೂ ಬದಲಾಗುವುದಿಲ್ಲ. ಅಗ್ಗದ ಉಪಾಯವೇ ಸರಿ. ದೊಡ್ಡ ಟೈರಿಗೆ ಜಾಗ ಮಾತ್ರ ಸಿಗದು. ಇಂಥ ದಿಮ್ಮಿಯನ್ನು ಮುಂದಿನ ಅಚ್ಚಿನ ಮೇಲೆ ಇಟ್ಟು ಮೂಗೆತ್ತುವುದನ್ನಂತೂ ಮಾಡಲೇಬಾರದು. ಬ್ರೇಕು ಒತ್ತಿದಾಗ ಅಚ್ಚು ತಿರುಚಿಕೊಳ್ಳಲು ಹವಣಿಸುತ್ತದೆ. ದಿಮ್ಮಿಯು ಆ ತಿರುಚಿಗೆ ಸನ್ನೆಯಂತಾಗಿ ಕಮಾನನ್ನು ಬಾಗಿಸುತ್ತದೆ, ತಾನೂ ಜಾರಿಬಿಡಬಹುದು.

ದೀಪ, ಚಕ್ರ ಮತ್ತು ಬ್ರೇಕು

ಮೂಗು ಮೇಲೆದ್ದಾಗ ಅದರೊಡನೆ ದೀಪಗಳೂ ಮೇಲೆ ನೋಡುತ್ತವೆ. 4 ಮೀಟರಿಗೆ 4 ಸೆಂಟಿಮೀಟರೆಂದರೆ ನೂರಕ್ಕೆ ಒಂದರಷ್ಟು ಓರೆ. 40 ಮೀಟರು ದೂರದಲ್ಲಿ ಬೆಳಕು 40 ಸೆಂಟಿಮೀಟರು ಮೇಲಕ್ಕೆ ಬೀಳುತ್ತದೆ. ಎದುರಿನಿಂದ ಬರುವವನ ಕಣ್ಣು ಕುಕ್ಕಲು ಅಷ್ಟು ಸಾಕು. ಸರಕು ಹೇರಿದಾಗ ಬಾಲ ಮತ್ತೆ 5 ಸೆಂಟಿಮೀಟರು ಇಳಿದು ಇನ್ನೂ 50 ಸೆಂಟಿಮೀಟರು ಸೇರುತ್ತದೆ. ಬೆಳಕು ರಸ್ತೆಯನ್ನು ಬಿಟ್ಟು ಮರದ ಕೊಂಬೆಗಳನ್ನು ತೋರಿಸಲಾರಂಭಿಸುತ್ತದೆ. ಕೆಲಸಕ್ಕೆ ಮೊದಲೇ 8 ಮೀಟರು ದೂರದ ಗೋಡೆಯ ಮೇಲೆ ಬೆಳಕಿನ ಮೇಲಂಚನ್ನು ಗುರುತು ಹಾಕಿಟ್ಟುಕೊಳ್ಳಬೇಕು. ಅನಂತರ ಅಲ್ಲಿ ಓರೆಯಿಂದ 8 ಸೆಂಟಿಮೀಟರು, ದೀಪವೇ ಮೇಲೆದ್ದುದರಿಂದ ಸುಮಾರು 4 ಸೆಂಟಿಮೀಟರು ಏರಿಕೆ ಕಾಣಿಸುತ್ತದೆ. ತಿರುಪನ್ನು ತಿರುಗಿಸಿ ಬೆಳಕನ್ನು ಹಳೆಯ ಗುರುತಿಗೇ ಇಳಿಸುವುದು ಐದು ನಿಮಿಷದ ಕೆಲಸ. ಬಹುಮಂದಿ ಮರೆಯುವುದೂ ಇದನ್ನೇ.

ಸೈಕಲ್ಲಿನ ಮುಂದಿನ ಕವಲು ನೆಟ್ಟಗಿರದೆ ಓರೆಯಾಗಿರುವುದನ್ನು ನೋಡಿದ್ದೀರಿ. ಕೈ ಬಿಟ್ಟರೂ ಚಕ್ರ ನೇರವಾಗಿ ಓಡುವುದರಲ್ಲಿ ಆ ಓರೆಗೂ ಪಾಲಿದೆ. ಮೋಟಾರಿನ ಮುಂದಿನ ಚಕ್ರ ತಿರುಗುವ ಅಕ್ಷಕ್ಕೂ ಹೀಗೆಯೇ ಕೆಲವು ಡಿಗ್ರಿ ಹಿಂದಕ್ಕೆ ಓರೆ ಕೊಟ್ಟಿರುತ್ತಾರೆ. ಕಮಾನಿನ ಗಾಡಿಯ ಮೂಗೆದ್ದಾಗ ಕಮಾನು, ಅಚ್ಚು ಎಲ್ಲವೂ ಚಾಸಿಯೊಂದಿಗೇ ಹಿಂದಕ್ಕೆ ವಾಲುವುದರಿಂದ ಓರೆ ಅರ್ಧ ಡಿಗ್ರಿಯಷ್ಟು ಹೆಚ್ಚುತ್ತದೆ. ಇದರಿಂದ ಕೇಡಿಲ್ಲ. 2005ರ ಅನಂತರದ ಸುರುಳಿ ಸ್ಪ್ರಿಂಗಿನ ಗಾಡಿಗಳಲ್ಲಿ ಇದಕ್ಕೆ ವಿರುದ್ಧ. ಅಲ್ಲಿ ಅಚ್ಚನ್ನು ಹಿಡಿದಿರುವ ತೋಳುಗಳು ಹಿಂದಕ್ಕೆ ಹೋಗಿ ಚಾಸಿಗೆ ಸೇರುತ್ತವೆ. ತೋಳು 1 ಮೀಟರು ಉದ್ದವೆಂದಿಟ್ಟುಕೊಂಡರೆ ಮೂಗು 4 ಸೆಂಟಿಮೀಟರು ಎದ್ದಾಗ ತೋಳಿನ ಹಿಂದಿನ ತುದಿ 3 ಸೆಂಟಿಮೀಟರು ಏಳುತ್ತದೆ (ಸದೃಶ ತ್ರಿಭುಜಗಳನ್ನು ಬರೆದು ನೋಡಿ). ಮುಂದಿನ ತುದಿ ಅಚ್ಚಿನಲ್ಲಿಯೇ ಇರುವುದರಿಂದ ತೋಳೂ ಅಚ್ಚೂ ಸುಮಾರು 1.7 ಡಿಗ್ರಿ ಮುಂದಕ್ಕೆ ಹೊರಳುತ್ತವೆ. ಮೂರು ನಾಲ್ಕು ಡಿಗ್ರಿ ಮಾತ್ರವೇ ಓರೆಯಿರುವ ಗಾಡಿಯಲ್ಲಿ ಅರ್ಧದಷ್ಟು ಹೋಯಿತೆಂದೇ ಲೆಕ್ಕ. ಆಗ ಗಾಡಿ ರಸ್ತೆಯಲ್ಲಿ ಅಲೆದಾಡುತ್ತದೆ. ಕೀಲುಗಳು ಸವೆದಿದ್ದರಂತೂ ಚಕ್ರಗಳೆರಡೂ ಹುಚ್ಚೆದ್ದಂತೆ ನಡುಗತೊಡಗುವುದುಂಟು. ಇದನ್ನು ಚಕ್ರಗಳ ಅಲೈನ್‌ಮೆಂಟ್ ಮಾಡುವಲ್ಲಿ ಅಳೆಯಿಸಿ ಸರಿಪಡಿಸಬೇಕು.

ಕೆಲವು ಪಿಕಪ್ಪುಗಳಲ್ಲಿ, ಉದಾಹರಣೆಗೆ ಟೊಯೋಟಾ ಹೈಲಕ್ಸಿನಲ್ಲಿ, ಹಿಂಭಾಗ ಎಷ್ಟು ಇಳಿದಿದೆಯೆಂಬುದನ್ನು ಒಂದು ಸರಳಿನಿಂದ ತಿಳಿದು ಹಿಂದಿನ ಬ್ರೇಕಿನ ಒತ್ತಡವನ್ನು ಹೊಂದಿಸುವ ಕವಾಟವಿರುತ್ತದೆ. ಬಾಲವನ್ನು ಇಳಿಸಿದರೆ ಬರಿದಾದ ಗಾಡಿಯನ್ನೇ ಅದು ಸರಕಿನ ಗಾಡಿಯೆಂದು ಭ್ರಮಿಸಿ ಹಿಂದಿನ ಬ್ರೇಕನ್ನು ಅತಿಯಾಗಿ ಹಿಡಿಸುತ್ತದೆ. ಅಂಥಲ್ಲಿ ಸರಳನ್ನೂ ಮತ್ತೆ ಹೊಂದಿಸಬೇಕು. ನಮ್ಮ ದೇಶದಲ್ಲಾದರೆ ಇಂಥ ಮಾರ್ಪಾಡುಗಳಿಗೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ಕಟ್ಟುಪಾಡು ವಿಧಿಸಿದೆ.

ಇನ್ನು ಕೈಗೆಲಸ. ಎಡ ಬಲ ಎರಡು ಕಮಾನುಗಳನ್ನೂ ಒಟ್ಟಿಗೇ ಬದಲಿಸಬೇಕು. ಜ್ಯಾಕಿನ ಮೇಲೆ ನಂಬಿಕೆಯಿಡದೆ ಚಾಸಿಯ ಕೆಳಗೆ ಗಟ್ಟಿಯಾದ ಆಧಾರ ಕೊಡಬೇಕು. ಕಮಾನಿನ ನಡುಬೋಲ್ಟಿನ ತಲೆ ಅಚ್ಚಿನ ಮೇಲಿನ ಗುಳಿಯಲ್ಲಿ ಸರಿಯಾಗಿ ಕೂತಿದೆಯೇ ಎಂದು ಬೆರಳಿಟ್ಟು ನೋಡಬೇಕು. ಅಚ್ಚು ಹಿಂದೆ ಮುಂದೆ ಸರಿಯದಂತೆ ಹಿಡಿಯುವುದರಲ್ಲಿ ಅದಕ್ಕೂ ಪಾಲಿದೆ. ಬಿಗಿಯುವಾಗ ಎಳೆದುಕೊಂಡ ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸದೆ ಹೊಸವನ್ನೇ ಹಾಕಬೇಕು. ಕಮಾನಿನ ಕಿವಿಗಳಲ್ಲಿರುವ ರಬ್ಬರು ಬುಷ್ಷಿನ ಬೋಲ್ಟುಗಳನ್ನು ಅಚ್ಚು ಜೋತಾಡುತ್ತಿರುವಾಗ ಬಿಗಿಯಬಾರದು. ಬಿಗಿದರೆ ಗಾಡಿ ನೆಲಕ್ಕಿಳಿದ ಕೂಡಲೆ ರಬ್ಬರು ತಿರುಚಿಕೊಂಡು, ಎತ್ತರವನ್ನೂ ತುಸು ಸುಳ್ಳಾಗಿ ತೋರಿಸಿ, ಬೇಗನೆ ಹರಿಯುತ್ತದೆ. ಗಾಡಿಯನ್ನು ಚಕ್ರಗಳ ಮೇಲೆ ನಿಲ್ಲಿಸಿ, ಮೂಗನ್ನು ನಾಲ್ಕಾರು ಸಲ ಒತ್ತಿ ಬಿಟ್ಟು, ಆ ಬಳಿಕ ಬಿಗಿಯಬೇಕು.

ಹೊಸ ಎತ್ತರವನ್ನು ಅಂದೇ ಅಳೆದು ಬರೆದಿಡಿ. ಕೆಲವು ನೂರು ಕಿಲೋಮೀಟರು ಓಡಿದ ಮೇಲೆ ಯು ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು ಎತ್ತರವನ್ನು ಪುನಃ ಅಳೆಯಿರಿ. ತುಸು ಇಳಿದಿರುತ್ತದೆ, ಪಟ್ಟಿಗಳು ಒಂದರೊಡನೊಂದು ಹೊಂದಿಕೊಂಡವೆಂದು ಅದರ ಅರ್ಥ. ಅನಂತರ ತೊಟ್ಟಿಗೆ ಸರಕು ಹೇರಿ ಮೂರನೆಯ ಸಲ ಅಳೆದು, ಅದೇ ಸ್ಥಿತಿಯಲ್ಲಿ ಗಾಡಿಯನ್ನು ರಾತ್ರಿ ಗೋಡೆಯ ಮುಂದೆ ನಿಲ್ಲಿಸಿ ದೀಪ ಹಚ್ಚಿ ನೋಡಿ.